ಸೇಬು ಪೇಟೆಗೆ ಹೋಗದಿದ್ದರೆ ಪೇಟೆಯೇ ತೋಟಕ್ಕೆ ಬರಲಿ!

ಗ್ರಾವೆನ್‌ಸ್ಟೀನ್ ಅಂತ ಒಂದು ಸೇಬು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಸೊನೋಮಾ ಕೌಂಟಿಯ ಹೆಮ್ಮೆಯ ಹಣ್ಣು. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ರುಚಿಯೇನೋ ಅದ್ಭುತ. ಆದರೆ ನಮ್ಮ ತುಳುವ ಹಲಸಿನದೇ ಹಣೆಬರಹ. ಬೇಗ ಮೆತ್ತಗಾಗುತ್ತದೆ, ದೂರ ಸಾಗಿಸಲು ಆಗದು, ಬಹುದಿನ ಇಡಲೂ ಆಗದು. ಕೊಯ್ಲು ಮುಗಿಯುವುದೂ ಕೆಲವೇ ವಾರಗಳಲ್ಲಿ.

ಇಂಥ ಹಣ್ಣು ಬೆಳೆಯುವ ಸಣ್ಣ ರೈತ ಏನು ಮಾಡಬೇಕು?

ಒಂದು ಕಾಗದದ ನಕಾಶೆ

ಅಲ್ಲಿನ ರೈತರು 1973ರಲ್ಲಿ ಒಟ್ಟಾಗಿ 'ಸೊನೋಮಾ ಕೌಂಟಿ ಫಾರ್ಮ್ ಟ್ರೇಲ್ಸ್' ಎಂಬ ಸಂಘ ಕಟ್ಟಿದರು. ಮುಖ್ಯ ಕೆಲಸ ಒಂದೇ, ನಕಾಶೆ ಅಚ್ಚು ಹಾಕಿಸಿ ಪುಕ್ಕಟೆ ಹಂಚುವುದು. ಯಾವ ದಾರಿಯಲ್ಲಿ ಯಾರ ತೋಟ, ಅಲ್ಲಿ ಏನು ಸಿಗುತ್ತದೆ ಎಲ್ಲ ಅದರಲ್ಲಿದೆ. ಸೇಬು, ಚೀಸು, ಮೊಟ್ಟೆ, ಗಿಡ, ಜೇನು ಹೀಗೆ. ಖರ್ಚಿಗೆ ಸದಸ್ಯರ ವಂತಿಗೆ. ಜೊತೆಗೆ ಆಗಸ್ಟಿನಲ್ಲಿ ಸೆಬಾಸ್ಟಪೋಲ್ ಊರಿನಲ್ಲಿ ನಡೆಸುವ ಸೇಬು ಮೇಳದ ಆದಾಯ. ಐವತ್ತು ವರ್ಷ ದಾಟಿದರೂ ಸಂಘ ಜೀವಂತ.

ಜಾಹೀರಾತಿಗೆ ದುಡ್ಡು ಎಲ್ಲಿಂದ?

ರೈತರ ಸಂಘಕ್ಕೆ ದೊಡ್ಡ ಪ್ರಚಾರ ಕೈಗೆಟುಕದು. ಅದಕ್ಕೆ ಅಲ್ಲಿ ಕೌಂಟಿ ಮಟ್ಟದ ಪ್ರವಾಸಿ ಬ್ಯೂರೋಗಳಿವೆ. ಇಂಥ ಬ್ಯೂರೋ ಮೊದಲು ಹುಟ್ಟಿದ್ದು 1896ರಲ್ಲಿ, ಡೆಟ್ರಾಯಿಟ್ ನಗರದಲ್ಲಿ. ಮಾರ್ಗದರ್ಶಿ ಹಂಚುವುದು, ಬಂದವರಿಗೆ ದಾರಿ ಹೇಳುವುದು, ಪತ್ರಕರ್ತರನ್ನು ಕರೆಸಿ ಊರು ತೋರಿಸುವುದು ಇವುಗಳ ಕೆಲಸ. ಖರ್ಚಿನ ಬಹುಪಾಲು ಬರುವುದು ಹೋಟೆಲ್ ಕೋಣೆಯ ಬಾಡಿಗೆ ಮೇಲಿನ ತೆರಿಗೆ, ವಂತಿಗೆಗಳಿಂದ. ಸೊನೋಮಾದಲ್ಲಿ ಮತದಾರರೇ 2016ರಲ್ಲಿ ಈ ತೆರಿಗೆಯನ್ನು ನೂರಕ್ಕೆ 9ರಿಂದ 12ಕ್ಕೆ ಏರಿಸಲು ಒಪ್ಪಿದರು. ಬಂದವನು ಕೊಟ್ಟ ತೆರಿಗೆ ಆ ಊರಿಗೇ ಸಲ್ಲುತ್ತದೆ. ನಮ್ಮಲ್ಲಿ ಕೋಣೆ ಬಾಡಿಗೆಯ ಜಿಎಸ್‌ಟಿ ಹೋಗುವುದು ಕೇಂದ್ರ, ರಾಜ್ಯದ ಖಜಾನೆಗೆ.

ಮುಳ್ಳೂ ಇದೆ

ಇಷ್ಟಾಗಿ ಸೇಬು ಗೆದ್ದಿತೇ? ಪೂರ್ತಿ ಇಲ್ಲ. ಪ್ರವಾಸಿಗಳು ಹೆಚ್ಚಾಗಿ ಬಂದದ್ದು ವೈನಿಗೆ. ದ್ರಾಕ್ಷಿಗೆ ದರವೂ ಎಷ್ಟೋ ಪಾಲು ಹೆಚ್ಚು. ಹಳೇ ಸೇಬಿನ ಮರ ಕಿತ್ತು ದ್ರಾಕ್ಷಿ ಹಾಕಿದವರೇ ಜಾಸ್ತಿ. ಊರಿಗೆ ಹೆಸರು ಬಂದರೆ ಜಾಗಕ್ಕೂ ರೇಟು ಬರುತ್ತದೆ, ಮಾರುವ ಆಸೆಯೂ ಹುಟ್ಟುತ್ತದೆ. ಈ ಮಾತು ಕೊಡಗು, ಚಿಕ್ಕಮಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. 2017ರ ಅಕ್ಟೋಬರಿನಲ್ಲಿ ಸೊನೋಮಾದಲ್ಲಿ ಭಾರೀ ಕಾಳ್ಗಿಚ್ಚು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿಯಿತು. 2020ರಲ್ಲಿ ಕೊರೋನಾ. ಮೂರು ಸಲವೂ ಪ್ರವಾಸಿಗಳು ಮಾಯ! ತೋಟವನ್ನು ಕಡೆಗಣಿಸಿ ಕೋಣೆಗಳನ್ನೇ ನಂಬಿದವನಿಗೆ ಆಗ ಗತಿ ಯಾರು? ಪ್ರವಾಸಿಯನ್ನು ಕಾಳುಮೆಣಸಿನ ಹಾಗೆ ಉಪಬೆಳೆ ಅಂತಲೇ ಎಣಿಸಬೇಕು. ಆಧಾರದ ಮರ ತೋಟವೇ.

ನಾವೇನು ಮಾಡಬಹುದು?

ನಮ್ಮ ಹೋಂಸ್ಟೇಯವರು ಒಬ್ಬೊಬ್ಬರೇ ಜಾಹೀರಾತು ಕೊಟ್ಟು, ಬುಕಿಂಗ್ ಕಂಪೆನಿಗೆ ಕಮಿಷನ್ ಕಟ್ಟಿ ಸುಸ್ತಾಗುತ್ತಾರೆ. ಹೋಂಸ್ಟೇ ಇಲ್ಲದ ರೈತನಿಗಂತೂ ಪಾಲೇ ಇಲ್ಲ. ಕೋಣೆ ಕಟ್ಟಲೇಬೇಕೆಂದೇನೂ ಇಲ್ಲವಲ್ಲ! ಹಲಸು, ಕಾಟುಮಾವು, ಜೋನಿಬೆಲ್ಲ, ಜೇನು, ಹಪ್ಪಳ, ಕಸಿಗಿಡ ಇದ್ದವನೂ ನಕಾಶೆಯಲ್ಲಿ ಸೇರಬಹುದು.

ಒಂದು ಊರಿನ ಹತ್ತು ಮನೆಯವರು ಕೂತರೆ ಸಾಕು. ಯಾವ ತಿಂಗಳು ಯಾರಲ್ಲಿ ಏನು ಸಿಗುತ್ತದೆ, ಯಾವ ಹೊತ್ತಿಗೆ ಬರಬಹುದು, ಫೋನ್ ನಂಬ್ರ ಎಷ್ಟು, ಇವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮುಂಚಿತ ಫೋನ್ ಮಾಡದೆ ಬರಬಾರದು, ಪ್ಲಾಸ್ಟಿಕ್ ವಾಪಸ್ ಒಯ್ಯಬೇಕು, ತೋಟ ಸುತ್ತಿಸಿದ್ದಕ್ಕೆ ಇಷ್ಟು ಶುಲ್ಕ ಅಂತ ನಿಯಮವನ್ನೂ ಅಚ್ಚು ಹಾಕಿ. ಬೇಸಿಗೆಯಲ್ಲಿ ಎಷ್ಟು ಜನರಿಗೆ ನೀರು ಸಾಕಾಗುತ್ತದೆಂದು ಮೊದಲೇ ಲೆಕ್ಕ ಹಾಕಿ. ಅಚ್ಚಿನ ಖರ್ಚಿಗೆ ಊರಿನ ಸಹಕಾರಿ ಸಂಘವನ್ನು ಕೇಳಬಹುದು. ದೇವಸ್ಥಾನ, ಪೆಟ್ರೋಲ್ ಬಂಕ್, ಪೇಟೆಯ ಹೋಟೆಲಿನ ಗಲ್ಲಾಪೆಟ್ಟಿಗೆ ಬಳಿ ಹಾಳೆ ಇಡಿ. ಆ ಹಾಳೆ ಹಿಡಿದುಕೊಂಡೇ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಗೆ ಹೋಗಿ, 'ಜಲಪಾತದ ಪಟ್ಟಿಯ ಜೊತೆ ನಮ್ಮ ತೋಟಗಳನ್ನೂ ಸೇರಿಸಿ' ಅಂತ ಕೇಳಿ.

ಈ ಹಲಸಿನ ಹಂಗಾಮಿಗೇ ಶುರು ಮಾಡಬಹುದು. ನಿಮ್ಮೂರಲ್ಲಿ ಆ ಹತ್ತು ಮನೆ ಯಾವುವು?