ಸಾವನದುರ್ಗದ ನೋಟಗಳೂ ಘನಾಕೃತಿಯ ಕಲ್ಪನೆಯೂ

ಮಾಗಡಿ ಸೀಮೆಯ ಸಾವನದುರ್ಗವನ್ನು ಕಾರ್ನ್‌ವಾಲಿಸನ ಸೈನ್ಯವು 1791ರ ಡಿಸೆಂಬರಿನಲ್ಲಿ ವಶಪಡಿಸಿಕೊಂಡಿತು. ಆ ದಂಡಯಾತ್ರೆಯಲ್ಲಿದ್ದ ಚಿತ್ರಕಾರ ರಾಬರ್ಟ್ ಹೋಮನು 1794ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ಚಿತ್ರಸಂಪುಟದಲ್ಲಿ ಈ ದುರ್ಗವನ್ನು ಬೇರೆಬೇರೆ ದಿಕ್ಕುಗಳಿಂದ ತೋರಿಸುವ ಚಿತ್ರಗಳಿವೆ. ಬೆಟ್ಟವೊಂದರ ಆಕಾರವನ್ನರಿಯಲು ಒಂದು ಚಿತ್ರವೇಕೆ ಸಾಲದು? ರೇಖಾಗಣಿತವು ಇದಕ್ಕೆ ಕೊಡುವ ಉತ್ತರವನ್ನು ಇಲ್ಲಿ ವಿವೇಚಿಸೋಣ.

ಯಾವ ನೋಟದಲ್ಲಿಯೂ ನೋಡುವ ದಿಕ್ಕಿನ ಆಳವು ಲೋಪವಾಗುತ್ತದೆ. ಸಾವನದುರ್ಗದಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳುಂಟು. ಇವನ್ನು ಕೂಡಿಸುವ ರೇಖೆಯ ನೇರದಲ್ಲಿ ನಿಂತವನಿಗೆ ಒಂದು ಮತ್ತೊಂದನ್ನು ಮರೆಮಾಡುವುದು. ಅದಕ್ಕೆ ಲಂಬವಾದ ದಿಕ್ಕಿನಲ್ಲಿ ನಿಂತವನಿಗೆ ನಡುವಣ ಕಂದರವು ಕಾಣುವುದು. ಹಾಗಾದರೆ ಎರಡು ನೋಟಗಳು ಸಾಕೆ? ಅದೂ ಸಾಲದು. ವ್ಯಾಸದಷ್ಟೇ ಎತ್ತರವುಳ್ಳ ಸ್ತಂಭಾಕೃತಿಗೂ ಅದೇ ಅಳತೆಯ ಘನಕ್ಕೂ ಮುಂಭಾಗದ ನೋಟ, ಪಾರ್ಶ್ವನೋಟಗಳೆರಡೂ ಚೌಕಗಳೇ. ಮೇಲಿನಿಂದ ನೋಡಿದಾಗ ಮಾತ್ರ ಒಂದು ವೃತ್ತ, ಇನ್ನೊಂದು ಚೌಕ ಎಂಬ ಭೇದವು ತಿಳಿಯುವುದು.

ಘನವನ್ನು ಬಿಚ್ಚಿ ಆರು ಚೌಕಗಳ ಜಾಲಾಕೃತಿಯಾಗಿ ಹರಡಬಹುದು. ಸ್ತಂಭದ, ಶಂಕುವಿನ ಮೈಗಳನ್ನೂ ಹಿಗ್ಗಿಸದೆ ಹಾಳೆಯಂತೆ ಬಿಡಿಸಬಹುದು. ಆದರೆ ಗುಮ್ಮಟದ ಮೈ ಎಲ್ಲ ದಿಕ್ಕಿಗೂ ಬಾಗಿರುವುದರಿಂದ ಅದಕ್ಕೆ ಇದು ಅಸಾಧ್ಯ. ತೆಂಗಿನ ಚಿಪ್ಪನ್ನು ಒತ್ತಿದರೆ ಅದು ಒಡೆಯುವುದೇ ಹೊರತು ಚಪ್ಪಟೆಯಾಗದು. ಈ ಅಸಾಧ್ಯತೆಗೆ ಆಧಾರವಾದ ಪ್ರಮೇಯವನ್ನು 1827ರಲ್ಲಿ ಗೌಸನು ನಿರೂಪಿಸಿದನು. ಗುಮ್ಮಟದಂತಹ ಈ ಬಂಡೆಗೆ ಜಾಲಾಕೃತಿಯಿಲ್ಲ; ಆದುದರಿಂದ ನಕ್ಷೆಕಾರರು ಮೇಲಿನ ನೋಟವನ್ನೇ ಆಶ್ರಯಿಸಿ, ಅದರಲ್ಲಿ ಲೋಪವಾದ ಎತ್ತರವನ್ನು ಸಮೋನ್ನತ ರೇಖೆಗಳಿಂದ ತುಂಬಿಕೊಡುತ್ತಾರೆ.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಗಳಲ್ಲಿ ನೆರೆಯ ಎರಡು ಸಮೋನ್ನತ ರೇಖೆಗಳಿಗೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ವ್ಯತ್ಯಾಸವಿರುತ್ತದೆ. ನಕ್ಷೆಯ 1 ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಆದುದರಿಂದ ರೇಖೆಗಳ ನಡುವೆ 1 ಮಿಲಿಮೀಟರ್ ಇದ್ದಲ್ಲಿ ಇಳಿಜಾರು ಸುಮಾರು 22 ಡಿಗ್ರಿ, 0.4 ಮಿಲಿಮೀಟರ್ ಮಾತ್ರವಿದ್ದಲ್ಲಿ 45 ಡಿಗ್ರಿ.

ಇದು ಕೇವಲ ಪರೀಕ್ಷೆಗೆಂದು ಕಲಿಯುವ ವಿಷಯವಲ್ಲ. ದಾರಿ ತಪ್ಪಿ ಗುಮ್ಮಟದ ಮೈಮೇಲೆಯೇ ಇಳಿಯತೊಡಗಿದವನಿಗೆ ಮುಂದಿನ ಉಬ್ಬು ಅದರಾಚೆಯ ಕಡಿದಾದ ಭಾಗವನ್ನು ಮರೆಮಾಡುತ್ತದೆ. ಹೆಜ್ಜೆಹೆಜ್ಜೆಗೂ ಇಳಿಜಾರು ಹೆಚ್ಚುತ್ತಿದ್ದರೂ ಅದು ಅವನ ಕಣ್ಣಿಗೆ ಬೀಳದು. ನಕ್ಷೆಯಲ್ಲಿಯಾದರೋ, ನೆತ್ತಿಯ ಬಳಿ ವಿರಳವಾಗಿದ್ದ ರೇಖೆಗಳು ಹೊರಹೊರಗೆ ಹೋದಂತೆ ಒತ್ತಾಗುವುದು ಸ್ಪಷ್ಟ. ಕಣ್ಣಿಗೆ ಮರೆಯಾದುದನ್ನು ಕಾಗದದ ರೇಖೆಗಳಿಂದ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಈ ಶಕ್ತಿಯನ್ನು ನಮ್ಮ ವಿದ್ಯಾರ್ಥಿಗಳು ಬೆಟ್ಟದ ಬುಡದಲ್ಲಿಯೇ ನಕ್ಷೆ ಹಿಡಿದು ಅಭ್ಯಾಸ ಮಾಡುವುದು ಉಚಿತ.