ನಡೆದುಕೊಂಡೇ ದವಾಖಾನೆಗೆ ಬರುವ ರಕ್ತಹೀನರು

ಉದಗಾಂವ, ಜಯಸಿಂಗಪುರದ ಕಡೆಯ ನಮ್ಮ ಮನೆಗಳಲ್ಲಿ ಯಾರಿಗಾದರೂ ದೊಡ್ಡ ಜಡ್ಡು ಬಂದರೆ ಸಾಂಗಲಿ, ಮಿರಜ ಇಲ್ಲವೆ ಕೋಲ್ಹಾಪುರದ ದವಾಖಾನೆಗೆ ಹೋಗುವುದು ರೂಢಿ. ಡಾಕ್ಟರರು ಬಂದು ನೋಡಿ ಹೋಗುತ್ತಾರೆ. ಹಗಲಿರುಳು ರೋಗಿಯ ಬಳಿ ಇರುವವರು ನರ್ಸಬಾಯಿಯರು. ರಕ್ತ ತೀರ ಕಡಿಮೆಯಾದವರನ್ನು ನೋಡಿಕೊಳ್ಳುವಾಗ ಅವರು ಪಡೆಯುವ ಅನುಭವವನ್ನು ನಮ್ಮ ಕುಟುಂಬಗಳೂ ತಿಳಿದಿರಬೇಕು.

ಅವರು ಮತ್ತೆ ಮತ್ತೆ ಕಾಣುವ ಸಂಗತಿ ಒಂದಿದೆ. ಹಿಮೋಗ್ಲೋಬಿನ್ ನಾಲ್ಕೈದಕ್ಕೆ ಇಳಿದ ಹೆಣ್ಣುಮಗಳು ತನ್ನ ಕಾಲ ಮೇಲೆಯೇ ನಡೆದು ಬಂದಿರುತ್ತಾಳೆ. ಮನೆಯವರು ರಿಪೋರ್ಟನ್ನೇ ನಂಬುವುದಿಲ್ಲ. "ನಿನ್ನೆಯವರೆಗೆ ರೊಟ್ಟಿ ಬಡಿಯುತ್ತಿದ್ದಳಲ್ಲ" ಎನ್ನುತ್ತಾರೆ. ರಕ್ತ ತಿಂಗಳುಗಟ್ಟಲೆ ನಿಧಾನವಾಗಿ ಇಳಿದಾಗ ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ. ಹೃದಯ ಹೆಚ್ಚು ಬಡಿದು ಕೊರತೆ ತುಂಬುತ್ತದೆ. ಅಂಗಡಿ ತೆರೆದಿರುತ್ತದೆ, ಗಿರಾಕಿಗಳೂ ಬರುತ್ತಿರುತ್ತಾರೆ, ಆದರೆ ಒಳಗೆ ಬಂಡವಾಳ ಕರಗಿರುತ್ತದೆ. ಒಂದು ಜ್ವರವೋ ಹೆರಿಗೆಯೋ ಬಂದಾಗ ಲೆಕ್ಕ ಬಯಲಾಗುತ್ತದೆ.

ಹಿಮೋಗ್ಲೋಬಿನ್ ಹೆಂಗಸರಿಗೆ 12 ಗ್ರಾಂ, ಗರ್ಭಿಣಿಯರಿಗೆ 11, ಗಂಡಸರಿಗೆ 13ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. 8ಕ್ಕಿಂತ, ಗರ್ಭಿಣಿಯರಲ್ಲಿ 7ಕ್ಕಿಂತ ಕೆಳಗೆ ಇಳಿದರೆ ಅದು ತೀವ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಮಹಾರಾಷ್ಟ್ರದಲ್ಲಿ ಶೇ. 54, ಕರ್ನಾಟಕದಲ್ಲಿ ಶೇ. 48ರಷ್ಟು ಮಂದಿ ರಕ್ತಹೀನರು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ನಮ್ಮ ತಾಯಂದಿರು, ಸೊಸೆಯಂದಿರು ಈ ಲೆಕ್ಕದ ಹೊರಗಿಲ್ಲ.

ರಕ್ತ ಏರಿಸುವಾಗ

"ಒಂದೇ ಬಾಟಲಿ ಯಾಕೆ? ಮೂರು ಕೊಟ್ಟು ಸಂಜೆಗೆ ಕಳಿಸಿಬಿಡಿ" ಎಂಬ ಅವಸರ ನಮ್ಮವರದು. ಬಹುದಿನ ರಕ್ತವಿಲ್ಲದೆ ದಣಿದ ಹೃದಯಕ್ಕೆ ಒಮ್ಮೆಲೇ ಹೆಚ್ಚು ರಕ್ತ ನುಗ್ಗಿದರೆ ಪುಪ್ಪುಸದಲ್ಲಿ ನೀರು ತುಂಬಿ ಜೀವಕ್ಕೆ ಅಪಾಯ. ಅದಕ್ಕೇ ನಿಧಾನವಾಗಿ ಏರಿಸುತ್ತಾರೆ. ಆದರೂ ಒಂದು ಚೀಲವನ್ನು ನಾಲ್ಕು ತಾಸಿನೊಳಗೆ ಮುಗಿಸಬೇಕು. ಒಂದು ಚೀಲದಿಂದ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಮಾತ್ರ ಏರುತ್ತದೆ. ಮೊದಲ 15 ನಿಮಿಷ ಬಹಳ ಮುಖ್ಯ. ಚಳಿ, ನಡುಕ, ತುರಿಕೆ, ಬೆನ್ನುನೋವು, ದಮ್ಮು ಕಂಡರೆ ಕೂಡಲೇ ನರ್ಸಬಾಯಿಯವರನ್ನು ಕರೆಯಬೇಕು. ಹೆಸರು, ಗುಂಪು ಮತ್ತೆ ಮತ್ತೆ ಕೇಳಿದರೆ ಬೇಸರ ಬೇಡ. ಚೀಲ ಅದಲುಬದಲಾದರೆ ತಿದ್ದಲು ಸಮಯ ಸಿಗದು.

ಬಿಳಿ ಕಣ, ಪ್ಲೇಟ್ಲೆಟ್

ಕ್ಯಾನ್ಸರಿನ ಔಷಧದಿಂದ ಬಿಳಿ ಕಣಗಳು ತೀರ ಇಳಿದವರಿಗೆ 100.4 ಡಿಗ್ರಿ ಜ್ವರ ಬಂದರೂ ಅದು ತುರ್ತು ಸಂಗತಿ. ಬೆಳಗಾಗಲಿ ಎಂದು ಕಾಯಬಾರದು. ಆಗ ನರ್ಸಬಾಯಿ ಬಂಧುಗಳನ್ನು ಬಾಗಿಲಲ್ಲೇ ತಡೆಯುತ್ತಾರೆ. ಹೂವು, ಬಸದಿಯಿಂದ ತಂದ ಗಂಧೋದಕವನ್ನೂ ದೂರ ಇಡಿ ಎನ್ನುತ್ತಾರೆ. ಅದು ಅನಾದರವಲ್ಲ, ರೋಗಿಯ ರಕ್ಷಣೆ. ಸೋಸಿ ಕಾಯಿಸಿದ ನೀರು, ಆಗಷ್ಟೇ ಮಾಡಿದ ಬಿಸಿ ಅಡಿಗೆ ಇಂಥ ರೋಗಿಗೆ ಬೇಕು. ಅದು ನಮ್ಮ ಮನೆಯ ಪದ್ಧತಿಯೇ ಆಗಿದೆ. ಡೆಂಗಿಯಲ್ಲಿ ಪ್ಲೇಟ್ಲೆಟ್ ಇಳಿದಾಗ ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆ ಕೊಡಬಾರದು. ಒಸಡಿನಿಂದ ರಕ್ತ, ಕಪ್ಪು ಮಲ ಕಂಡರೆ ಮುಚ್ಚಿಡಬಾರದು.

ನಮ್ಮ ಊಟದ ಮಾತು

1928ರಲ್ಲಿ ಡಾ. ಲೂಸಿ ವಿಲ್ಸ್ ಇಂಗ್ಲೆಂಡಿನಿಂದ ಮುಂಬಯಿಗೆ ಬಂದು, ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಇಂದು ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಸಿಡ್ ಗುಳಿಗೆಯ ಮೂಲ ಅದೇ. ಕಬ್ಬಿಣ, ಫೋಲಿಕ್ ಆಸಿಡ್ ಜೊತೆಗೆ ಶಾಕಾಹಾರಿಗಳಾದ ನಾವು ನೆನಪಿಡಬೇಕಾದದ್ದು ಬಿ12. ಅದು ಕಾಳು, ಸೊಪ್ಪಿನಲ್ಲಿ ಸಿಗದು. ಹಾಲು, ಮೊಸರು, ಮಜ್ಜಿಗೆಯಲ್ಲಿ ಇದೆ. ಅದರ ಕೊರತೆ ಬಲಿತರೆ ಕೆಂಪು, ಬಿಳಿ, ಪ್ಲೇಟ್ಲೆಟ್ ಮೂರೂ ಇಳಿಯಬಹುದು. ನಾಲಿಗೆ ಉರಿ, ಪಾದಗಳಲ್ಲಿ ಜೋಮು ಅದರ ಸೂಚನೆ. ಔಷಧದ ಬಿ12 ಮಾಂಸದಿಂದ ತೆಗೆದದ್ದಲ್ಲ. ಕೆಲವು ಕ್ಯಾಪ್ಸೂಲಿನ ಹೊದಿಕೆ ಮಾತ್ರ ಪ್ರಾಣಿಜನ್ಯ; ಬದಲಿಗೆ ಗುಳಿಗೆ ಇಲ್ಲವೆ ಇಂಜೆಕ್ಷನ್ ಕೇಳಬಹುದು. ರಾತ್ರಿ ಏನನ್ನೂ ಸೇವಿಸದ ನೇಮವಿದ್ದರೆ ಗುಳಿಗೆ ಬಿಡಬೇಡಿ. ನರ್ಸಬಾಯಿಗೆ ಹೇಳಿ, ಹಗಲಿನ ಹೊತ್ತಿಗೆ ಹೊಂದಿಸಿಕೊಳ್ಳಿ. ಕಬ್ಬಿಣದ ಗುಳಿಗೆಯ ಜೊತೆ ಚಹಾ ಬೇಡ, ಲಿಂಬೆ ಶರಬತ್ತು ಒಳ್ಳೆಯದು.

ಪ್ರತಿ ದೀಪಾವಳಿಗೆ ನಾವು ಅಂಗಡಿಯ ಲೆಕ್ಕ ನೋಡುತ್ತೇವೆ. ಅದೇ ವಾರ ಮನೆಯ ಹೆಂಗಸರ, ಹಿರಿಯರ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸೋಣ. ದೀರ್ಘ ಉಪವಾಸ ಹಿಡಿಯುವ ಮೊದಲೂ ಮಾಡಿಸೋಣ. 18 ತುಂಬಿದ, 45 ಕಿಲೋ ತೂಕ, 12.5 ಗ್ರಾಂ ಹಿಮೋಗ್ಲೋಬಿನ್ ಇರುವ ಆರೋಗ್ಯವಂತ ತರುಣರು ರಕ್ತ ಕೊಡಬಹುದು. ಔಷಧದಾನ, ಅಭಯದಾನ ಎರಡೂ ಒಂದೇ ಚೀಲದಲ್ಲಿ ಸಲ್ಲುತ್ತವೆ.