ಚೆಂಡಿನ ವೇಗವನ್ನು ಅಳೆಯುವ ಪುಟ್ಟ ಪೆಟ್ಟಿಗೆ

ಗಾಲ್ಫ್ ಎಂದರೆ ಸಿರಿವಂತರ ವಿನೋದವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಲ್ಲಿ ಹುಟ್ಟಿದಾಗ ಅದು ದಂಡಿನ ಆಂಗ್ಲ ಅಧಿಕಾರಿಗಳ ಆಟವೇ ಆಗಿದ್ದಿತು. ಆ ಕಾಲ ಸಂದುಹೋಗಿದೆ. ಅನ್ಯರ ಕೋಲುಚೀಲವನ್ನು ಹೊರುವ ಕ್ಯಾಡಿಯಾಗಿ ಈ ಆಟದ ಸಂಪರ್ಕಕ್ಕೆ ಬಂದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ಬಿಡದಿಯ ಸಮೀಪದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪನವರು ಏಷ್ಯದ ವೃತ್ತಿಪರ ಆಟಗಾರರ ಸಾಲಿನಲ್ಲಿ ನಿಂತರು. ಬೆಂಗಳೂರಿನ ಅದಿತಿ ಅಶೋಕ್ ಒಲಿಂಪಿಕ್ ಪದಕದ ಹೊಸ್ತಿಲವರೆಗೆ ಹೋಗಿಬಂದರು.

ಇಂಥ ಸುದ್ದಿಗಳನ್ನು ಕೇಳಿ ಬೆಳೆದ ಮಕ್ಕಳಿಗೆ ಗಾಲ್ಫ್ ಕಲಿಯುವ ಆಸೆ ಹುಟ್ಟಿದರೆ ಅಚ್ಚರಿಯಿಲ್ಲ. ಅಡಚಣೆಯಿರುವುದು ಸ್ಥಳದ್ದು. ಶ್ರೀರಂಗಪಟ್ಟಣದವರಿಗೆ ಚಾಮುಂಡಿ ಬೆಟ್ಟದ ತಪ್ಪಲಿನ ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬು ಅಷ್ಟೇನೂ ದೂರವಲ್ಲ. ಪಾಂಡವಪುರದವರೂ ಹೇಗೋ ಹೋಗಿಬರಬಹುದು. ಆದರೆ ಕೃಷ್ಣರಾಜಪೇಟೆ, ನಾಗಮಂಗಲಗಳಿಂದ ಮೈಸೂರು ಐವತ್ತು ಕಿಲೋಮೀಟರಿಗೂ ಮಿಗಿಲು. ಶಾಲೆಯ ಪಾಠ ಮುಗಿಸಿಕೊಂಡು ದಿನವೂ ಅಷ್ಟು ದೂರ ಹೋಗಿಬರುವುದು ಯಾವ ಬಾಲಕನಿಗೂ ಸಾಧ್ಯವಲ್ಲ. ಹಾಗಾಗಿ ಮನೆಯ ಹಿತ್ತಿಲಲ್ಲಿ ಬಲೆ ಕಟ್ಟಿ ಚೆಂಡು ಹೊಡೆಯುವುದೊಂದೇ ಉಳಿದ ದಾರಿ. ಬಲೆಗೆ ಬಡಿದು ಬಿದ್ದ ಚೆಂಡು ಬಯಲಿನಲ್ಲಿ ಎಷ್ಟು ದೂರ ಹೋಗುತ್ತಿತ್ತು, ನೇರವಾಗಿ ಹೋಗುತ್ತಿತ್ತೋ ಬಾಗುತ್ತಿತ್ತೋ, ಬಲ್ಲವರಾರು? ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ‘ಲಾಂಚ್ ಮಾನಿಟರ್’ ಎಂಬ ಯಂತ್ರ ಹುಟ್ಟಿದೆ.

ಹಳೆಯ ವಿದ್ಯೆ, ಹೊಸ ರೂಪ

ಹಾರುವ ವಸ್ತುವಿನ ವೇಗವನ್ನು ಅಳೆಯುವ ಕುತೂಹಲ ಮೊದಲು ಹುಟ್ಟಿದ್ದು ಯುದ್ಧಭೂಮಿಯಲ್ಲಿ. ಶ್ರೀರಂಗಪಟ್ಟಣದ ಕಬ್ಬಿಣದ ಕೊಳವೆಯ ಬಾಣಗಳು 1780ರ ಪೊಳ್ಳಿಲೂರಿನ ಕಾಳಗದಲ್ಲಿ ಆಂಗ್ಲರನ್ನು ಕಂಗೆಡಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಆ ಬಾಣಗಳು ಇಂಗ್ಲೆಂಡಿಗೆ ಸಾಗಿ, ಅಲ್ಲಿನ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದವು. ಅದಕ್ಕೂ ಮುಂಚೆ, 1742ರಲ್ಲಿ, ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞನು ತೂಗುಹಾಕಿದ ಭಾರವಾದ ಹಲಗೆಗೆ ಬಂದೂಕಿನ ಗುಂಡು ಹೊಡೆದು, ಹಲಗೆ ಎಷ್ಟು ತೂಗಾಡಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ಬಗೆಯನ್ನು ವಿವರಿಸಿದ್ದನು. ತಿರುಗುತ್ತ ಸಾಗುವ ಗುಂಡು ಗಾಳಿಯಲ್ಲಿ ಪಕ್ಕಕ್ಕೆ ಬಾಗುತ್ತದೆಂಬುದನ್ನು ತೋರಿಸಿಕೊಟ್ಟವನೂ ಅವನೇ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದ ರಾಬಿನ್ಸ್ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಮುಂದೆ ಸ್ಕಾಟ್ಲೆಂಡಿನ ಭೌತವಿಜ್ಞಾನಿ ಪಿ. ಜಿ. ಟೇಟ್ ಇದೇ ತತ್ತ್ವವನ್ನು ಗಾಲ್ಫ್ ಚೆಂಡಿಗೆ ಅನ್ವಯಿಸಿ, ಹಿಮ್ಮುಖವಾಗಿ ತಿರುಗುವ ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲಿ ತೇಲುವ ಗುಟ್ಟನ್ನು ಬಿಡಿಸಿದನು.

ಇಂದಿನ ಪೆಟ್ಟಿಗೆಗಳು ಎರಡು ಬಗೆಯವು. ಮೊದಲನೆಯದು ರೇಡಾರ್. ಪಾಂಡವಪುರದ ನಿಲ್ದಾಣದಲ್ಲಿ ನಿಂತು, ವೇಗವಾಗಿ ಹಾದುಹೋಗುವ ರೈಲಿನ ಸಿಳ್ಳನ್ನು ಕೇಳಿದವರಿಗೆ ಇದರ ತತ್ತ್ವ ತಾನಾಗಿ ತಿಳಿದೀತು. ಹತ್ತಿರ ಬರುವಾಗ ಏರಿದ್ದ ಸ್ವರ, ದೂರ ಸರಿಯುವಾಗ ಇಳಿಯುತ್ತದೆ. 1842ರಲ್ಲಿ ಡಾಪ್ಲರ್ ಎಂಬ ವಿಜ್ಞಾನಿ ವಿವರಿಸಿದ ಈ ಬದಲಾವಣೆಯನ್ನೇ ರೇಡಿಯೋ ಅಲೆಗಳಲ್ಲಿ ಅಳೆದು, ಚೆಂಡಿನ ವೇಗವನ್ನು ಪೆಟ್ಟಿಗೆ ಹೇಳುತ್ತದೆ. ಎರಡನೆಯದು ಕ್ಯಾಮೆರಾ. ಕೋಲು ತಾಗಿದ ಕ್ಷಣಾರ್ಧದಲ್ಲಿ ಚೆಂಡಿನ ಹಲವು ಚಿತ್ರಗಳನ್ನು ತೆಗೆದು, ಅದರ ವೇಗ, ಏರುಕೋನ, ತಿರುಗುವಿಕೆಗಳನ್ನು ಕಂಡುಹಿಡಿಯುತ್ತದೆ.

ಬೆಲೆಯ ಮಾತು

ವೃತ್ತಿಪರರು ಬಳಸುವ ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ಯಂತ್ರದ ಬೆಲೆ 20,000 ಡಾಲರುಗಳ ಆಸುಪಾಸು. ಅದು ನಮ್ಮ ಮಾತಲ್ಲ. ಗಾರ್ಮಿನ್ ಕಂಪನಿಯ ಆರ್‌10 ಎಂಬ ಅಂಗೈಯಗಲದ ರೇಡಾರ್ 2021ರಲ್ಲಿ 600 ಡಾಲರಿಗೆ ಮಾರುಕಟ್ಟೆಗೆ ಬಂದಾಗ ಸಾಮಾನ್ಯರಿಗೂ ಬಾಗಿಲು ತೆರೆಯಿತು. ರೇಡಾರನ್ನೂ ಕ್ಯಾಮೆರಾಗಳನ್ನೂ ಕೂಡಿಸಿದ ರ್‍ಯಾಪ್ಸೊಡೊ ಕಂಪನಿಯ ಎಂಎಲ್‌ಎಂ2ಪ್ರೊ 2023ರಲ್ಲಿ 700 ಡಾಲರಿಗೆ ಬಂದಿತು. ಜಪಾನಿನ ಪಿಆರ್‌ಜಿಆರ್ ಪೆಟ್ಟಿಗೆ ಇವುಗಳ ಅರ್ಧಕ್ಕೂ ಕಡಿಮೆ ಬೆಲೆಯದು. ಫೋನಿನ ಹಂಗಿಲ್ಲದೆ, ಕೋಲಿನ ವೇಗ, ಚೆಂಡಿನ ವೇಗ, ಅಂದಾಜು ದೂರಗಳನ್ನು ತನ್ನ ಮುಖದ ಮೇಲೆಯೇ ತೋರಿಸುತ್ತದೆ. ಕಲಿಯುವ ಮಗುವಿನ ಮೊದಲ ವರ್ಷಕ್ಕೆ ಇಷ್ಟು ಸಾಕು.

ಆದರೆ ಪೆಟ್ಟಿಗೆಯ ಮೇಲಿನ ಬೆಲೆಯೇ ಕೊನೆಯ ಬೆಲೆಯಲ್ಲ. ಹೊರದೇಶದಿಂದ ತರಿಸಿದರೆ ಸುಂಕ ಮತ್ತು ಸಾಗಣೆಯ ವೆಚ್ಚ ಸೇರುತ್ತವೆ. ಕೆಲವು ಯಂತ್ರಗಳ ಎಲ್ಲ ಸೌಕರ್ಯಗಳೂ ಬೇಕೆಂದರೆ ವರ್ಷ ವರ್ಷವೂ ಚಂದಾ ಕಟ್ಟಬೇಕು. ಕೆಲವಕ್ಕೆ ಗುರುತು ಮುದ್ರಿಸಿದ ವಿಶೇಷ ಚೆಂಡುಗಳೇ ಆಗಬೇಕು. ಕೆಟ್ಟರೆ ರಿಪೇರಿ ಭಾರತದಲ್ಲೇ ಆಗುವುದೇ, ಖಾತರಿ ಇಲ್ಲಿ ನಡೆಯುವುದೇ ಎಂಬುದನ್ನು ಹಣ ತೆರುವ ಮೊದಲೇ ಬರಹದಲ್ಲಿ ಪಡೆಯುವುದು ಜಾಣತನ. ಮೂರು ವರ್ಷದ ಒಟ್ಟು ವೆಚ್ಚವನ್ನು ಕಾಗದದ ಮೇಲೆ ಬರೆದು ನೋಡಿದಾಗ, ಅಗ್ಗವೆಂದು ಕಂಡದ್ದು ದುಬಾರಿಯಾಗಿ, ದುಬಾರಿಯೆಂದು ಕಂಡದ್ದು ಅಗ್ಗವಾಗಿ ತೋರುವುದುಂಟು.

ಹಿತ್ತಿಲಿಗೆ ತಕ್ಕ ಯಂತ್ರ

ಬೆಲೆಗಿಂತ ಮೊದಲು ಅಳೆಯಬೇಕಾದದ್ದು ಜಾಗವನ್ನು. ಆರ್‌10ರಂಥ ರೇಡಾರನ್ನು ಚೆಂಡಿನ ಹಿಂದೆ ಆರರಿಂದ ಎಂಟು ಅಡಿ ದೂರದಲ್ಲಿಡಬೇಕು. ಚೆಂಡಿನಿಂದ ಬಲೆಗೆ ಕನಿಷ್ಠ ಎಂಟು ಅಡಿ ಬೇಕು. ಒಟ್ಟಿನಲ್ಲಿ ಹದಿನಾರು ಅಡಿ ಉದ್ದದ ತೆರಪು. ಹಳ್ಳಿಯ ಹಿತ್ತಿಲಿನಲ್ಲಿ ಇದು ಕಷ್ಟವಲ್ಲ. ಪಟ್ಟಣದ ಮಹಡಿಯ ಮೇಲೆ ಕಷ್ಟವಾದೀತು. ಅಂಥಲ್ಲಿ ಚೆಂಡಿನ ಪಕ್ಕದಲ್ಲೇ ಇಡುವ ಕ್ಯಾಮೆರಾ ಯಂತ್ರ ಮೇಲು. ಆದರೆ ಕ್ಯಾಮೆರಾದ ಬಗೆಯವು ಕೆಲವು ಒಳಾಂಗಣಕ್ಕೆಂದೇ ಮಾಡಿದಂಥವು. ಪ್ರಖರವಾದ ಬಿಸಿಲಿನಲ್ಲಿ ಅವನ್ನು ನೆಚ್ಚುವಂತಿಲ್ಲ.

ಎರಡನೆಯದಾಗಿ, ಯಂತ್ರ ಯಾವುದನ್ನು ಅಳೆಯುತ್ತದೆ, ಯಾವುದನ್ನು ಊಹಿಸುತ್ತದೆ ಎಂಬ ವಿವೇಚನೆ ಬೇಕು. ಅಗ್ಗದ ರೇಡಾರುಗಳು ಚೆಂಡಿನ ವೇಗವನ್ನು ಸಾಕಷ್ಟು ನಿಖರವಾಗಿ ಅಳೆಯುತ್ತವೆ. ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತೆಂಬುದನ್ನು ಬಹುಪಾಲು ಲೆಕ್ಕದಿಂದಲೇ ಹೇಳುತ್ತವೆ. ಬಲೆಯೊಳಗೆ ಆಡುವಾಗ ತೋರಿಸುವ ದೂರವಂತೂ ಪೂರ್ತಿಯಾಗಿ ಲೆಕ್ಕದ ಫಲ. ಮಂಡ್ಯದ ಸೀಮೆ ಸಮುದ್ರಮಟ್ಟದಿಂದ ಏಳುನೂರು ಮೀಟರಿನ ಆಸುಪಾಸಿನಲ್ಲಿದೆ. ಇಲ್ಲಿನ ಗಾಳಿ ಕೊಂಚ ತೆಳುವಾದ್ದರಿಂದ ಚೆಂಡು ಕರಾವಳಿಗಿಂತ ನೂರಕ್ಕೆ ಎರಡು ಮೂರು ಪಾಲು ಹೆಚ್ಚು ದೂರ ಹೋಗುತ್ತದೆ. ಎತ್ತರವನ್ನು ನಮೂದಿಸುವ ಅನುಕೂಲವಿರುವ ಯಂತ್ರವಾದರೆ ಅದನ್ನು ತಪ್ಪದೆ ಸರಿಪಡಿಸಿಕೊಳ್ಳಬೇಕು.

ಪರೀಕ್ಷೆಗೆ ಒಂದು ಸುಲಭೋಪಾಯವುಂಟು. ಚೆಂಡಿನ ವೇಗವನ್ನು ಕೋಲಿನ ವೇಗದಿಂದ ಭಾಗಿಸಿದರೆ, ಅತ್ಯುತ್ತಮವಾಗಿ ತಾಗಿದ ಡ್ರೈವರ್ ಹೊಡೆತದಲ್ಲೂ ಉತ್ತರ ಒಂದೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಯಂತ್ರ ಪದೇ ಪದೇ ಅದನ್ನು ಬಹಳ ಮೀರಿದ ಅಂಕಿಗಳನ್ನು ತೋರಿಸಿದರೆ, ಹೊಗಳಿಕೆ ಆಟಗಾರನಿಗಲ್ಲ, ದೋಷ ಯಂತ್ರದ್ದು ಎಂದೇ ತಿಳಿಯಬೇಕು.

ಇನ್ನೊಂದು ಎಚ್ಚರಿಕೆ. ಗಾಲ್ಫ್ ಚೆಂಡು ಸುಮಾರು 46 ಗ್ರಾಂ ತೂಕದ ಗಟ್ಟಿ ವಸ್ತು. ನುರಿತವರ ಹೊಡೆತದಲ್ಲಿ ಗಂಟೆಗೆ 200 ಕಿಲೋಮೀಟರನ್ನು ಮೀರಿ ಹಾರುತ್ತದೆ. ಕಬ್ಬು ಕಡಿದ ಗದ್ದೆ ಖಾಲಿಯಾಗಿ ಕಂಡಿತೆಂದು ಅಲ್ಲಿ ಹೊಡೆಯತೊಡಗಿದರೆ, ಬದುವಿನ ಮೇಲೆ ಬರುವ ಆಳಿಗೂ ಮೇಯುವ ದನಕ್ಕೂ ಅಪಾಯ ತಪ್ಪಿದ್ದಲ್ಲ. ಗಟ್ಟಿಯಾದ ಬಲೆಗೆ ಮಾಡುವ ಖರ್ಚಿನಲ್ಲಿ ಜಿಪುಣತನ ಸಲ್ಲದು.

ಅಂಕಿಗೆ ಸಿಲುಕದ್ದು

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ವಿಶ್ವದ 200ನೆಯ ಸ್ಥಾನದ ಆಟಗಾರ್ತಿಯಾಗಿ ಕಣಕ್ಕಿಳಿದರು. ಮೊದಲ ಹೊಡೆತದ ದೂರದಲ್ಲಿ ಅವರು ಅನೇಕರಿಗಿಂತ ಬಹಳ ಹಿಂದಿದ್ದರು. ಆದರೂ ಕುಳಿಯ ಸಮೀಪದ ಮೃದುವಾದ ಹೊಡೆತಗಳ ಕೌಶಲದಿಂದ ಘಟಾನುಘಟಿಗಳನ್ನು ಹಿಂದಿಕ್ಕಿ ನಾಲ್ಕನೆಯವರಾದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಪದಕ ಗೆದ್ದು, ಅಲ್ಲಿ ಗಾಲ್ಫ್ ಪದಕ ಗಳಿಸಿದ ಮೊದಲ ಭಾರತೀಯ ಮಹಿಳೆಯೆನಿಸಿದರು. ವೇಗವನ್ನು ಅಳೆಯುವ ಅಗ್ಗದ ಪೆಟ್ಟಿಗೆ ಈ ಮೃದು ಹೊಡೆತದ ವಿಷಯದಲ್ಲಿ ಬಹುಮಟ್ಟಿಗೆ ಮೂಕ. ಅದಕ್ಕೆ ಬೇಕಾದದ್ದು ಒಂದು ಸಮತಟ್ಟಾದ ನೆಲ, ಒಂದು ಲೋಟ, ಬೆಟ್ಟದಷ್ಟು ತಾಳ್ಮೆ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಮನೆಯಲ್ಲಿ ಅರ್ಧ ಲಕ್ಷ ರೂಪಾಯಿ ಆಟಕ್ಕೆಂದು ಮೀಸಲಾಗಿದ್ದರೆ, ಅದರ ಮೊದಲ ಪಾಲು ಒಳ್ಳೆಯ ಬೋಧಕನಿಗೆ ಸಲ್ಲಲಿ, ಎರಡನೆಯದು ಬಲೆಗೆ, ಉಳಿದದ್ದರಲ್ಲಿ ಬಂದಷ್ಟರ ಯಂತ್ರ. ಮಗುವಿನ ಉತ್ಸಾಹ ಆರು ತಿಂಗಳು ಬಾಡದೆ ಉಳಿದ ಮೇಲೆ ದೊಡ್ಡ ಯಂತ್ರದ ಯೋಚನೆ ಮಾಡಬಹುದು. ವಾರಕ್ಕೊಮ್ಮೆ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ಮೈಸೂರಿನ ಹುಲ್ಲಿನ ಮೇಲೆ ಅವನ್ನು ಒರೆಗೆ ಹಚ್ಚಿದರೆ, ಕೃಷ್ಣರಾಜಪೇಟೆಯ ಹಿತ್ತಿಲೂ ಒಂದು ಒಳ್ಳೆಯ ಪಾಠಶಾಲೆಯಾದೀತು.